ಬೆಂಕಿಗುಂಡಿಯ ಸುತ್ತ ಏಳು ಕಲ್ಲು

ನಲ್ಲಂಪಳ್ಳಿ
9-1-1997, ಗುರುವಾರ

ನನ್ನ ಅಲಮೇಲಕ್ಕನಿಗೆ ನಿನ್ನ ತಂಗಿ ಪೂಂಗೊಡಿಯ ನಮಸ್ಕಾರ.

ಕ್ಷೇಮ ಎಂದು ಬರೆಯಲು ಹೊರಟು ಕೈ ನಿಂತುಹೋಯಿತು. ನನ್ನ ಮೈಗೇನೂ ಆಗಿಲ್ಲ, ಮೊದಲೇ ಹೇಳಿಬಿಡುತ್ತೇನೆ. ಐದು ತಿಂಗಳ ಹೊಟ್ಟೆಯೂ ಚೆನ್ನಾಗಿದೆ. ನೀನು ಗಾಬರಿಯಾಗಬೇಡ, ಗಾಬರಿ ನನ್ನ ಹತ್ತಿರವೇ ಇಬ್ಬರಿಗೂ ಆಗುವಷ್ಟಿದೆ. ಈ ಮನೆಯವರು ಮಾತಾಡುವುದು ಕನ್ನಡ, ಓದುವುದು ಮಾತ್ರ ತಮಿಳು. ಕೊಳ್ಳೇಗಾಲದ ಅಜ್ಜಿಮನೆಯಲ್ಲಿ ನಾವಿಬ್ಬರೂ ಒದೆ ತಿಂದು ಕಲಿತ ಅಕ್ಷರ ಇವತ್ತು ಉಪಯೋಗಕ್ಕೆ ಬಂತು. ನಡುಮನೆಯಲ್ಲಿ ಎಲ್ಲರ ಕಣ್ಣೆದುರಿಗೇ ಕೂತು ಬರೆಯುತ್ತಿದ್ದೇನೆ.

ನಮ್ಮವರು ಏರ್ಕಾಡಿನಲ್ಲಿ ಒಪ್ಪಿಕೊಂಡ ಕೆಲಸದ ವಿಷಯ ದೀಪಾವಳಿಗೆ ಬರೆದಿದ್ದೆನಲ್ಲ. ಸೇಲಂನ ರಾಜಗೋಪಾಲ್ ಎನ್ನುವವರು ಬೆಟ್ಟದ ಮೇಲೆ ಒಂದು ಹಳೆಯ ಬಂಗಲೆ ಕೊಂಡಿದ್ದಾರೆ. ಅದರ ಹಿತ್ತಲಲ್ಲಿ ಚಳಿಗೆ ಬೆಂಕಿ ಕಾಯುತ್ತಾ ಕೂರಲು ಅವರಿಗೊಂದು ಜಾಗ ಬೇಕಿತ್ತು. ಕಟ್ಟುವುದು ಹೊಸದಾಗಿ, ಆದರೆ ತಾತನ ಕಾಲದ್ದು ಅನ್ನಿಸಬೇಕಂತೆ. ಪಾಲಿಷ್ ವೇಂಡಾಂ, ಟೈಲ್ಸ್ ವೇಂಡಾಂ ಎಂದು ಅವರು ಬೇಡದ್ದನ್ನೇ ಹೇಳುತ್ತಾ ಹೋದರಂತೆ. ನಮ್ಮ ಹಿತ್ತಲಲ್ಲಿ ಬಿಟ್ಟಿ ಬಿದ್ದಿರುವುದನ್ನು ದುಡ್ಡು ಕೊಟ್ಟು ಮಾಡಿಸಿಕೊಳ್ಳುವವರೂ ಇದ್ದಾರಲ್ಲ ಎಂದು ನಾನು ಇವರನ್ನು ಕಿಚಾಯಿಸಿದ್ದೆ.

ಆದರೆ ಇವರು ಅದನ್ನು ಆಟ ಎಂದುಕೊಳ್ಳಲಿಲ್ಲ. ಪಾಲಿಟೆಕ್ನಿಕ್ ಮುಗಿಸಿ ಇಷ್ಟು ವರ್ಷ ಬರೀ ಕಾಂಪೌಂಡು, ನೀರಿನ ತೊಟ್ಟಿ ಕಟ್ಟಿದವರು. ಮನಸ್ಸಿಟ್ಟು ಬರೆದ ಮೊದಲ ನಕ್ಷೆ ಇದು. ಇಳಿಜಾರಿನ ಅಂಚಿಗೆ ಸಿಲ್ವರ್ ಓಕ್ ಹಲಗೆಗಳನ್ನು ನುಣುಪು ಮಾಡದೆ ಹಾಗೇ ಹಾಸಿದ ಒಂದು ಅಟ್ಟಣೆ. ಅದರಿಂದ ಎರಡು ಮೆಟ್ಟಿಲು ಇಳಿದರೆ ಚಪ್ಪಡಿ ಕಲ್ಲಿನ ಅಂಗಳ, ಸಂದಿಯಲ್ಲಿ ಸಿಮೆಂಟಿನ ಬದಲು ಹುಲ್ಲು. ನಡುವೆ ಬೆಂಕಿಗುಂಡಿ, ಸುತ್ತ ಒರಟು ಗುಂಡುಕಲ್ಲಿನ ಬಳೆ. ಹೊಗೆ ಕೂತವರ ಮುಖಕ್ಕೆ ಬರಬಾರದೆಂದು ಬೆಟ್ಟದ ಗಾಳಿ ನೋಡಿ ನೋಡಿ ಗುಂಡಿಯ ಜಾಗ ಬದಲಾಯಿಸಿದರು. ಮನೆಗೆ ಬಂದಾಗ ಊಟದ ತಟ್ಟೆಯ ಪಕ್ಕ ನಕ್ಷೆ ಹರಡಿ ಅತ್ತೆಗೂ ನನಗೂ ತೋರಿಸುತ್ತಿದ್ದರು. ನಮ್ಮ ಬಿದ್ದುಹೋದ ಕೊಟ್ಟಿಗೆಯ ಚಪ್ಪಡಿಗಳನ್ನೇ ಕಳಿಸಿ, ಗುಂಡುಕಲ್ಲು ಕಂಡರೆ ಅದನ್ನೂ ರಾಶಿಗೆ ಸೇರಿಸಿ ಎಂದರು. ಟ್ರಾಕ್ಟರಿನ ಅರುಣಾಚಲಂ ಬಂದು ತುಂಬಿಕೊಂಡು ಹೋದ.

ಇನ್ನು ನಮ್ಮ ಬಾವಿಯ ಪಕ್ಕದ ಕನ್ನಿಮಾರ್. ನನ್ನ ಮದುವೆಗೆ ಬಂದಾಗ ನೀನೂ ಕೈಮುಗಿದಿದ್ದೆ. ಸಾಲಾಗಿ ನಿಲ್ಲಿಸಿದ ಏಳು ಕಲ್ಲು, ಏಳು ಕನ್ನಿಕೆಯರು, ಈ ಮನೆಯ ಹೆಣ್ಣುಮಕ್ಕಳನ್ನು ಕಾಯುವವರು. ಅವರನ್ನು ತೊಳೆದು ಅರಿಶಿನ ಬಳಿಯುವುದು ಹೆಂಗಸರು, ಗಂಡಸರು ದೂರದಲ್ಲೇ ನಿಲ್ಲಬೇಕು. ಹೋದ ಫೆಬ್ರವರಿಯಲ್ಲಿ ನಾದಿನಿ ಸೆಲ್ವಿ ಕಾಮಾಲೆಯಾಗಿ ಹೋಗಿಬಿಟ್ಟಳಲ್ಲ, ವರ್ಷ ತುಂಬುವವರೆಗೆ ಮನೆಯಲ್ಲಿ ಪೂಜೆಯಿಲ್ಲ. ಅವರ ಪೂಜೆಯ ಆಡಿ ತಿಂಗಳಲ್ಲೂ ಅರಿಶಿನ ಬೀಳಲಿಲ್ಲ. ಮಳೆಗೆ ಹಳೆಯದೂ ತೊಳೆದುಹೋಗಿ ಪಾಚಿ ಹಿಡಿಯಿತು. ಕಂಡವರ ಕಣ್ಣಿಗೆ ಅವು ಬರೀ ಕಲ್ಲು. ಕಾರ್ತಿಕದಿಂದೀಚೆಗೆ ನಾನೂ ಅತ್ತ ಹೋಗಿರಲಿಲ್ಲ. ಬಸುರಿ ಜಾರಿ ಬಿದ್ದೀಯೆ ಎಂದು ಅತ್ತೆಯೇ ನೀರು ಸೇದಿ ತರುತ್ತಿದ್ದರು. ಎಂಥ ಅತ್ತೆ ಸಿಕ್ಕಿದರಪ್ಪಾ ಎಂದು ನಾನು ಬೀಗುತ್ತಿದ್ದೆ.

ಹೋದ ಭಾನುವಾರ ಆ ಜಾಗದ ಮೊದಲ ಬೆಂಕಿ. ಅತ್ತೆಯನ್ನೂ ನನ್ನನ್ನೂ ಕರೆದುಕೊಂಡು ಹೋದರು. ಅಕ್ಕಾ, ಎಷ್ಟು ಚೆನ್ನಾಗಿತ್ತು ಗೊತ್ತಾ! ಹೊತ್ತು ಮುಳುಗುವಾಗ ಮಂಜು ಹಲಗೆಯವರೆಗೆ ಬಂದು ನಿಂತಿತ್ತು. ರಾಜಗೋಪಾಲ್ ಮನೆಯವರು ಇವರ ಬೆನ್ನು ತಟ್ಟಿದರು. ಕಾಫಿಗಿಡದ ಸೌದೆಗೆ ಬೆಂಕಿ ಹತ್ತಿ, ಸುತ್ತಲಿನ ಕಲ್ಲಿನ ಮೇಲೆ ಬೆಳಕು ಬಿತ್ತು. ಒಂದು ಕಲ್ಲಿನ ನೆತ್ತಿಯಲ್ಲಿ ಬಟ್ಟಲಿನಂಥ ಗುಳಿ ಕಂಡಿತು. ಮದುವೆಯಾದ ವರ್ಷ ಆ ಗುಳಿಗೆ ನಾನೇ ಎಣ್ಣೆ ಹುಯ್ದು ಬತ್ತಿ ಇಟ್ಟಿದ್ದೆ. ಪಕ್ಕದ್ದನ್ನು ನೋಡಿದೆ, ಅದರಾಚೆಯದನ್ನೂ ನೋಡಿದೆ. ಎಲ್ಲಾ ನಮ್ಮ ಕನ್ನಿಮಾರ್! ಕೂಗಬೇಕು ಅನ್ನುವಷ್ಟರಲ್ಲಿ ಪಟಾರೆಂದು ಒಂದು ಕಲ್ಲು ಸಿಡಿಯಿತು.

ಬಾವಿಯ ಪಕ್ಕದ ತೇವ ಕುಡಿದ ಕಲ್ಲು, ಬಿಸಿಗೆ ಸಿಡಿಯುತ್ತದೆ ಎಂದು ಇವರು ಆಮೇಲೆ ಹೇಳಿದರು. ಆಗ ಯಾರಿಗೆ ಕಾರಣ ಬೇಕು? ಚೂರು ಬಂದು ನನ್ನ ಕಾಲಿನ ಹತ್ತಿರ ಬಿತ್ತು. ಹೆಂಗಸರು ಚೀರಿಕೊಂಡು ಒಳಗೆ ಓಡಿದರು. ಇವರು ಟಾರ್ಚ್ ಹಿಡಿದು ಚೂರನ್ನು ಕೋಲಿನಿಂದ ಮಗುಚಿದರು. ನೆಲದಲ್ಲಿ ಹೂತಿದ್ದ ಕಡೆಯಲ್ಲಿ, ಮಳೆ ತಾಗದ ಜಾಗದಲ್ಲಿ, ಗಟ್ಟಿ ಅರಿಶಿನ ಹಾಗೇ ಇತ್ತು. ಇವರು ಕೋಲು ಕೆಳಗಿಟ್ಟರು. ನನ್ನ ಹೊಟ್ಟೆಯನ್ನು ಒಮ್ಮೆ ನೋಡಿದರು, ಅಷ್ಟೇ. ಆ ನೋಟವನ್ನು ನಾನು ಸಾಯುವವರೆಗೂ ಮರೆಯಲಾರೆ.

ಅತ್ತೆ ಮಾತ್ರ ಓಡಿರಲಿಲ್ಲ. ಕುರ್ಚಿಯಲ್ಲಿ ಕೂತು, ಸೆರಗು ಹೊದ್ದು, ಬೆಂಕಿ ಕಾಯುತ್ತಿದ್ದರು.

ಮಂಗಳವಾರ ಬೆಳಗ್ಗೆ ಬಾವಿಯ ಹತ್ತಿರ ಹೋಗಿ ನೋಡಿದೆ. ಏಳು ಕಲ್ಲಿದ್ದ ಜಾಗವನ್ನು ಮಣ್ಣು ತುಂಬಿ, ಸಗಣಿ ಹಾಕಿ ನೀಟಾಗಿ ಸಾರಿಸಲಾಗಿತ್ತು. ಟ್ರಾಕ್ಟರಿನವನು ಕಲ್ಲು ಕಿತ್ತರೆ ಸಗಣಿ ಸಾರಿಸಿ ಹೋಗುತ್ತಾನೆಯೇ? ಹಿಂದಿನಿಂದ ಅತ್ತೆ ಬಂದರು. ನಾನು ಕೇಳಲೂ ಇಲ್ಲ. ಸಾರಿಗೆ ಉಪ್ಪು ಹಾಕಿದೆ ಅನ್ನುವ ದನಿಯಲ್ಲಿ ಹೇಳಿದರು: "ಅರುಣಾಚಲಂ ಊಟಕ್ ಓಗಿದ್ದ. ನಾನೇ ಉಳ್ಳಿಸ್ಕಂಡ್ ಓಗಿ ರಾಶಿಗ್ ಸೇರ್ಸ್ದೆ."

ಯಾಕತ್ತೆ ಎಂದೆ.

"ನನ್ ಮಗ್ಳು ಮೈಯೆಲ್ಲಾ ಬೇಯ್ತೈತೆ, ಬೇಯ್ತೈತೆ ಅಂತ ಅತ್ಲು. ಅವ್ಳು ಉಟ್ಟಿದಾಗಿಂದ ಅರಿಶ್ನ ಬಳ್ದಿವ್ನಿ ಇವ್ರಿಗೆ. ಏಳ್ ಜನಾನೂ ಬಾವಿ ಪಕ್ಕ ತಣ್ಣಗೆ ಕೂತಿದ್ರು. ಬೆಂಕಿ ಅಂದ್ರೆ ಏನೂಂತ ಅವ್ರಿಗೂ ತಿಳೀಲಿ."

ಹೇಳಿ, ಕೊಡ ತುಂಬಿಕೊಂಡು ಒಳಗೆ ಹೋದರು. ನನಗೆ ಅವರನ್ನು ಬೈಯಬೇಕೆನಿಸಲಿಲ್ಲ, ಅಪ್ಪಿಕೊಳ್ಳಬೇಕೆಂದೂ ಅನಿಸಲಿಲ್ಲ. ಎರಡೂ ಕೈಯಿಂದ ಹೊಟ್ಟೆ ಮುಚ್ಚಿಕೊಂಡು ನಿಂತುಬಿಟ್ಟೆ. ದೇವರನ್ನು ಹೀಗೆ ಶಿಕ್ಷಿಸಬಹುದು ಅಂತ ನನಗೆ ಗೊತ್ತೇ ಇರಲಿಲ್ಲ, ಅಕ್ಕಾ. ಅವರ ಮಗಳಿಗೆ ಆಗದ ಕಾವಲು ನನ್ನ ಮಗುವಿಗೂ ಬೇಡವೇ ಎಂದು ಕೇಳಬೇಕಿತ್ತು.

ಇವರು ಮಿಕ್ಕ ಆರು ಕಲ್ಲನ್ನೂ ಒಡೆದದ್ದರ ಚೂರುಗಳನ್ನೂ ಗೋಣಿಯಲ್ಲಿ ತಂದು ತುಳಸಿಯ ಹತ್ತಿರ ಇಟ್ಟಿದ್ದಾರೆ. ನಕ್ಷೆಯನ್ನು ಹರಿದು ಹಾಕಿದರು. ಸೆಲ್ವಿ ಹೋದಳು, ಈಗ ನಮ್ಮ ಮಗುವಿನ ಸರದಿ ಎಂದು ಒಂದೇ ಸಮನೆ ಅನ್ನುತ್ತಾರೆ. ಅರುಣಾಚಲಂ ಬೇಕಂತಲೇ ಕಿತ್ತಿದ್ದಾನೆ ಎಂದು ಹೊಡೆಯಲೂ ಹೋಗಿದ್ದರು. ರಾಶಿಯಲ್ಲಿದ್ದುದನ್ನು ತುಂಬಿದೆ ಎಂದು ಆ ಬಡಪಾಯಿ ಅತ್ತ. ಕೊನೆಗೆ ದೊಡ್ಡಮಾವ ಸುಬ್ಬರಾಯಪ್ಪನವರು ಬಂದು, ನಾಳೆ ಶುಕ್ರವಾರ ಎಲ್ಲರೂ ಉರಿಯುವ ಕರ್ಪೂರವನ್ನು ಅಂಗೈಯಿಂದ ಆರಿಸಿ ಆಣೆ ಮಾಡಬೇಕು ಎಂದಿದ್ದಾರೆ. ಸುಳ್ಳು ಆಣೆ ಮಾಡಿದರೆ ಮನೆತನವೇ ಉಳಿಯುವುದಿಲ್ಲವಂತೆ. ನಿಜ ಹೇಳಿದರೆ ಇವರು ಹೆತ್ತವಳ ಕೈಯ ಅನ್ನ ಮುಟ್ಟುವುದಿಲ್ಲ, ಅದು ನನಗೆ ಗೊತ್ತು. ಮಗಳು ಹೋದ ವರ್ಷದಲ್ಲೇ ಮಗನೂ ಹೋದ ಹಾಗೆ. ನಾನೇನು ಮಾಡಲಿ, ನೀನಾದರೂ ಹೇಳು.

ಇಂತಿ ನಿನ್ನ ಪ್ರೀತಿಯ
ಪೂಂಗೊಡಿ

ನಂಗವಳ್ಳಿ, ಶನಿವಾರ

ಮತ್ತೆ ಬರೆಯುತ್ತಿದ್ದೇನೆ: ಪತ್ರ ಪೋಸ್ಟ್ ಆಗಲಿಲ್ಲ. ಈಗ ಅಮ್ಮನ ಮನೆಯಲ್ಲಿದ್ದೇನೆ, ಉತ್ತರ ಇಲ್ಲಿಗೇ ಬರೆ. ನಿನ್ನೆ ಅರುಣಾಚಲಂ ಕರ್ಪೂರ ಆರಿಸಿ ಆಣೆ ಮಾಡಿದ. ಅವನ ನಂತರ ಅತ್ತೆ. ಕರ್ಪೂರದತ್ತ ಚಾಚಿದ ಅವರ ಕೈ ನೋಡಿದೆ, ನನಗೆ ತಡೆಯಲಾಗಲಿಲ್ಲ. ಪಾಚಿಯಲ್ಲಿ ಗುರುತು ಸಿಗದೆ ಆ ಕಲ್ಲುಗಳನ್ನು ನಾನೇ ರಾಶಿಗೆ ಸೇರಿಸಿದೆ ಎಂದುಬಿಟ್ಟೆ. ಬಸುರಿಗೆ ಕರ್ಪೂರದ ಆಣೆ ಇಲ್ಲ, ನನ್ನ ಬಾಯಿಮಾತನ್ನೇ ನಂಬಿದರು. ನಾನು ಹಾಗೆಂದ ಮೇಲೆ ಅತ್ತೆ ಸುಮ್ಮನಿರುವುದಿಲ್ಲ, ಮಗನ ಕಡೆ ತಿರುಗಿ, ಅಲ್ಲ ಕಣೋ ಶಿವಾ, ನಾನು ಎನ್ನುತ್ತಾರೆ ಎಂದು ಅವರ ಬಾಯನ್ನೇ ನೋಡುತ್ತಿದ್ದೆ. ಇವರು ಮುಖ ತಿರುಗಿಸಿಕೊಂಡು ಹೊರಗೆ ಹೋದರು. ಆಗ ಅತ್ತೆ ನನ್ನ ಹತ್ತಿರ ಬಂದು ಎಲ್ಲರಿಗೂ ಕೇಳುವಂತೆ, "ಯಾಕಮ್ಮಾ ಇಂಗ್ ಮಾಡ್ದೆ?" ಎಂದರು.