ಒಂದು ಓವರಿಗೆ ಎರಡು ಸಿ.ಡಿ.

ಹುಲ್ಲಹಳ್ಳಿ
21 ನವೆಂಬರ್ 2005, ಸೋಮವಾರ

ಚಿರಂಜೀವಿ ಅಮೃತೇಶನಿಗೆ ನಿನ್ನ ಅಪ್ಪನ ಆಶೀರ್ವಾದಗಳು.

ಹೇಗಿದ್ದೀಯಪ್ಪಾ? ರಾಜಸ್ಥಾನದ ಗಡಿಯಲ್ಲಿ ಹಗಲು ಬಿಸಿಲು, ರಾತ್ರಿ ಚಳಿ ಎಂದು ಪೇಪರಿನಲ್ಲಿ ಓದಿದೆ. ಹಿಮ್ಮಡಿ ಒಡೆಯುವುದು ಕಡಿಮೆಯಾಯಿತೇ? ನಿನ್ನ ಅವ್ವ ಕೊಟ್ಟು ಕಳಿಸಿದ ಹರಳೆಣ್ಣೆಯ ಸೀಸೆಯನ್ನು ಟ್ರಂಕಿನಲ್ಲೇ ಭದ್ರವಾಗಿ ಇಟ್ಟಿರುತ್ತೀಯ, ನಿನ್ನ ಬುದ್ಧಿ ನನಗೆ ಗೊತ್ತು. ಇಲ್ಲಿ ಎಲ್ಲರೂ ಕ್ಷೇಮ. ನಿನ್ನ ಹೆಂಡತಿ ಚೈತ್ರ ಅಂಗನವಾಡಿಯ ಕೆಲಸಕ್ಕೆ ಹೋಗಿ ಬರುತ್ತಿದ್ದಾಳೆ. ಇಂದು ಕಾರ್ತಿಕ ಸೋಮವಾರವಾದ್ದರಿಂದ ನಿನ್ನ ಅವ್ವ ಬೆಳಗಿನ ಬಸ್ಸಿಗೇ ನಂಜನಗೂಡಿಗೆ ಹೋಗಿದ್ದಾಳೆ. ಮನೆ ನಿಶ್ಶಬ್ದವಾಗಿದೆ, ಅದಕ್ಕೇ ಬರೆಯಲು ಕೂತೆ. ನನ್ನ ಮಂಡಿ ಮಾತ್ರ ಮೆಟ್ಟಿಲು ಕಂಡರೆ ಮುನಿಸಿಕೊಳ್ಳುತ್ತದೆ. ನಾಲೆಯ ಏರಿಯ ಮೇಲೆ ಅಷ್ಟು ವರ್ಷ ಓಡಾಡಿ ತೂಬು ತೆಗೆದು ಮುಚ್ಚಿದ ಕಾಲು, ಈಗ ರಜೆ ಕೇಳುತ್ತಿದೆ.

ದೀಪಾವಳಿಯ ದಿನ ಫೋನಿನಲ್ಲಿ ನೀನು ಆಡಿದ ಮಾತು ನಿನಗೆ ನೆನಪಿದೆಯೋ ಇಲ್ಲವೋ, ಈ ಮನೆಯಲ್ಲಿ ಎಲ್ಲರಿಗೂ ನೆನಪಿದೆ. ‘ಅವ್ಳಿಗೆ ನನ್ ಜೊತೆ ಮಾತಾಡಕ್ ಇಷ್ಟ ಇಲ್ಲ ಅಂದ್ರೆ ಬಲವಂತ ಮಾಡ್ಬೇಡಿ, ಇನ್ಮೇಲೆ ಕರೆಯಲ್ಲ ಬಿಡಿ’ ಅಂದೆ. ನಿನ್ನ ಮಗಳು ಅರ್ಪಿತಳಿಗೆ ಮಾತು ತಡೆಯುತ್ತದೆ ಎನ್ನುವುದು ನಿನಗೆ ಹೊಸದಲ್ಲ. ಎದುರಿಗಿದ್ದರೆ ಮುಖ ನೋಡಿಕೊಂಡು ಕಾಯುತ್ತೇವೆ. ಫೋನಿಗೆ ಮುಖವಿಲ್ಲವಲ್ಲ. ಇವಳು ‘ಅಪ್ಪ’ ಅನ್ನಲು ತುಟಿ ತೆರೆದು ಒದ್ದಾಡುವಷ್ಟರಲ್ಲಿ ನೀನು ಆ ಕಡೆಯಿಂದ ಹಲೋ ಹಲೋ ಎಂದು ಕೂಗುತ್ತೀಯ, ಲೈನ್ ಸರಿಯಿಲ್ಲ ಎಂದು ಬೈಯುತ್ತೀಯ. ಅವಳು ಫೋನನ್ನು ನನ್ನ ಕೈಗೆ ತುರುಕಿ ಹಿತ್ತಲಿಗೆ ಓಡುತ್ತಾಳೆ. ಆ ದಿನದಿಂದ ನೀನು ಪ್ರತಿ ಭಾನುವಾರ ಎಲ್ಲರನ್ನೂ ಕೇಳುತ್ತೀಯ, ಗಬ್ಬದ ಎಮ್ಮೆಯನ್ನೂ ಕೇಳುತ್ತೀಯ, ಮಗಳನ್ನು ಮಾತ್ರ ಕೇಳುವುದಿಲ್ಲ. ಅವಳೋ, ನಿನ್ನ ಫೋನ್ ಬರುವ ಹೊತ್ತಿಗೆ ಸರಿಯಾಗಿ ಪುಸ್ತಕ ಹಿಡಿದುಕೊಂಡು ಫೋನಿನ ಪಕ್ಕದಲ್ಲೇ ಕೂರುತ್ತಾಳೆ. ಒಂದು ಹಾಳೆಯನ್ನೂ ತಿರುವುವುದಿಲ್ಲ. ನನಗೆ ನೋಡಲಾಗುವುದಿಲ್ಲ ಅಮೃತೇಶ.

ಹೀಗಿರುವಾಗ ಒಂದು ದಿನ ಅವಳು ನನ್ನ ಬಳಿ ಬಂದು, ತನ್ನ ಕ್ರಿಕೆಟ್ ಮ್ಯಾಚನ್ನು ನಿನಗೆ ಕಳಿಸಬೇಕು ಅಂದಳು. ಹೋದ ರಜೆಯಲ್ಲಿ ನೀನು ತಂದುಕೊಟ್ಟ ಕಂಪ್ಯೂಟರಿನಲ್ಲಿ ಆಡುತ್ತಾಳಲ್ಲ, ಅದೇ ಆಟ. ಬಾಗಿಲು ಹಾಕಿಕೊಂಡು ಆಡುತ್ತಾಳೆ, ಯಾರನ್ನೂ ಒಳಗೆ ಬಿಡುವುದಿಲ್ಲ. ಆ ಆಟದಲ್ಲಿ ಆಟಗಾರರ ಹೆಸರು ಬದಲಾಯಿಸಬಹುದಂತೆ. ಅವಳ ತಂಡದಲ್ಲಿ ಮೊದಲು ಬ್ಯಾಟಿಗೆ ಇಳಿಯುವವನು ನೀನು. ಇಂಗ್ಲಿಷ್ ಅಕ್ಷರದಲ್ಲಿ ಅಮೃತೇಶ್ ಎಂದು ಬೋರ್ಡಿನಲ್ಲಿ ಬರುತ್ತದೆ. ಸೊನ್ನೆಗೆ ಔಟಾದರೆ ಆಟ ಅಳಿಸಿ ಮತ್ತೆ ಶುರು ಮಾಡುತ್ತಾಳೆ, ನಿನ್ನ ಹೆಸರಿನ ಮುಂದೆ ಸೊನ್ನೆ ಇರಕೂಡದು. ಸಿ.ಡಿ.ಯಲ್ಲಿ ಆ ಹೆಸರು ಓದುವ ಹಾಗೆ ಚಿತ್ರ ಬರಬೇಕು ಎನ್ನುವುದು ಅವಳ ಹಟ. ಕಂಪ್ಯೂಟರಿನಲ್ಲಿ ಕಾಣುವುದನ್ನು ಸಿ.ಡಿ.ಗೆ ಹಾಕುವುದು ಎಷ್ಟು ಹೊತ್ತಿನ ಕೆಲಸ, ಎರಡು ನಿಮಿಷ ಎಂದುಕೊಂಡು ಒಪ್ಪಿಕೊಂಡೆ. ಊರಿಗೆ ಮುಂಚೆ ಹೂಂ ಅನ್ನುವವನ ಗತಿ ಏನಾಗುತ್ತದೆ ಎಂದು ಮುಂದೆ ಓದು.

ನಿನ್ನ ಚಿಕ್ಕಪ್ಪನ ಮಗ ನಂಜೇಶ ನಂಜನಗೂಡು ಬಸ್‌ಸ್ಟ್ಯಾಂಡಿನ ಎದುರು ಕಂಪ್ಯೂಟರ್ ಅಂಗಡಿ ಇಟ್ಟಿದ್ದಾನಲ್ಲ, ಅವನನ್ನು ಕೇಳಿದೆ. ಅದಕ್ಕೆ ಬೇರೆ ಸಾಫ್ಟ್‌ವೇರ್ ಬೇಕಂತೆ. ಸರಿ, ಒಂದು ಕೊಡು ಅಂದರೆ ಮೂರು ತಂದು ಹಾಕಿದ. ಒಂದು, ಕನ್ನಡಿಯ ಹಾಗೆ ಚಿತ್ರ ಹಿಡಿಯುತ್ತದೆ, ಆದರೆ ಪುಕ್ಕಟೆಯಾದ್ದರಿಂದ ಅರ್ಧ ನಿಮಿಷಕ್ಕೆ ನಿಂತುಬಿಡುತ್ತದೆ. ಬೌಲರ್ ಓಡಿ ಬರುತ್ತಾನೆ, ನೀನು ಬ್ಯಾಟು ಎತ್ತುತ್ತೀಯ, ಅಷ್ಟೇ, ಮುಗಿಯಿತು. ಇನ್ನೊಂದು ನಿಲ್ಲುವುದಿಲ್ಲ, ಆದರೆ ತನ್ನ ಹೆಸರನ್ನು ಚಿತ್ರದ ಮೇಲೆ ಠಸ್ಸೆ ಹೊಡೆಯುತ್ತದೆ. ಎಲ್ಲಿ ಹೊಡೆಯುತ್ತದೆ ಅಂದುಕೊಂಡೆ? ಸರಿಯಾಗಿ ನಿನ್ನ ಹೆಸರಿನ ಮೇಲೆ! ಮೂರನೆಯದು ನಿಲ್ಲುವುದೂ ಇಲ್ಲ, ಠಸ್ಸೆಯೂ ಇಲ್ಲ, ಆದರೆ ಚಿತ್ರ ಮಂಜು ಮುಸುಕಿದ ಹಾಗೆ, ಆಟಗಾರರು ಕುಂಟುತ್ತಾ ಓಡುತ್ತಾರೆ. ಸ್ವಲ್ಪ ಚೆನ್ನಾಗಿ ಹಿಡಿ ಎಂದು ಅದಕ್ಕೆ ಹೇಳಲು ಬರುವುದಿಲ್ಲವೇ ಎಂದು ಕೇಳಿದರೆ, ‘ದೊಡ್ಡಪ್ಪ, ಕ್ಲಿಯರ್ ಬೇಕು ಅಂದ್ರೆ ಜಾಗ ಬೇಕು, ಜಾಗ ಇಲ್ಲ ಅಂದ್ರೆ ಕ್ಲಿಯರ್ ಇಲ್ಲ’ ಅಂದ. ಯಾವ ಜಾಗ? ಚಿತ್ರವೆಲ್ಲ ಆ ಡಬ್ಬದೊಳಗೆ ಎಲ್ಲಿ ಹೋಗಿ ಕೂರುತ್ತದೆ? ನಾಲೆಯಲ್ಲಿ ನೀರು ಎಷ್ಟು ಬಂತು, ಎಷ್ಟು ಹೋಯಿತು ಎಂದು ಕಣ್ಣಳತೆಯಲ್ಲಿ ಹೇಳುತ್ತಿದ್ದವನು ನಾನು. ಇದರಲ್ಲಿ ತಲೆಯೂ ಇಲ್ಲ, ಬಾಲವೂ ಇಲ್ಲ.

ಇದಾವುದೂ ಬೇಡ ಎಂದು, ನಿಮ್ಮ ಮದುವೆಯ ವಿಡಿಯೋ ತೆಗೆದ ತಿ. ನರಸೀಪುರದ ಬೆಟ್ಟಸ್ವಾಮಿಯನ್ನು ಕರೆಸಿದೆ. ಕ್ಯಾಮೆರಾವನ್ನು ಸ್ಟ್ಯಾಂಡಿಗೆ ಹಾಕಿ ಕಂಪ್ಯೂಟರಿನ ಮುಂದೆ ನಿಲ್ಲಿಸಿದ, ಎರಡು ಲೈಟನ್ನೂ ಉರಿಸಿದ. ಲೈಟಿನ ಝಳಕ್ಕೆ ಅರ್ಪಿತ ಬೆವರಿಹೋದಳು. ತೆಗೆದು ನೋಡಿದರೆ ಪರದೆಯ ಮೇಲೆ ಕಪ್ಪು ಪಟ್ಟೆಗಳು ಮೇಲಿಂದ ಕೆಳಕ್ಕೆ ಉರುಳುತ್ತಿವೆ. ‘ಸಾ, ತಲೆ ಕೆಡಿಸ್ಕಬೇಡಿ, ಮಿಕ್ಸಿಂಗಲ್ಲಿ ಸರಿ ಮಾಡ್ಕೊಡ್ತೀನಿ’ ಎಂದು ಹೋದ. ಒಂದು ವಾರ ಬಿಟ್ಟು ಸಿ.ಡಿ. ತಂದ. ಅಯ್ಯೋ ಶಿವನೇ! ಕಪ್ಪು ಪಟ್ಟೆಗಳು ಹಾಗೆಯೇ ಇವೆ, ಅವುಗಳ ಮೇಲೆ ಗುಲಾಬಿ ಹೂ ಉದುರುತ್ತಿವೆ. ನೀನು ಬೌಂಡರಿ ಹೊಡೆದಾಗಲೆಲ್ಲ ಮೂಲೆಯಲ್ಲಿ ಬಾಸಿಂಗ ಕಟ್ಟಿಕೊಂಡ ನಿನ್ನ ಫೋಟೋ ಗಿರಗಿರ ತಿರುಗುತ್ತದೆ. ಕೊನೆಯಲ್ಲಿ ‘ನವದಂಪತಿಗಳಿಗೆ ಶುಭಾಶಯಗಳು’ ಎಂದು ಬಂತು. ಚೈತ್ರ ಸೆರಗು ಬಾಯಿಗೆ ಒತ್ತಿಕೊಂಡು ಒಳಗೆ ಓಡಿದಳು. ಅರ್ಪಿತ ಮಾತ್ರ ನಗಲಿಲ್ಲ, ಬಾಗಿಲು ಹಾಕಿಕೊಂಡು ಅತ್ತಳು. ಅವಳು ಅತ್ತ ಮೇಲೆ ನನಗೂ ಹಟ ಹತ್ತಿತು.

ಆಮೇಲೆ ನಂಜೇಶನೇ ದಾರಿ ಹೇಳಿದ. ಕನ್ನಡಿಯಂಥ ಸಾಫ್ಟ್‌ವೇರು ಅರ್ಧ ನಿಮಿಷ ಓಡುತ್ತದೆ, ಒಂದು ಬಾಲಿಗೆ ಅಷ್ಟು ಸಾಕು. ಬಾಲಿಗೊಂದು ಸಲ ಹಿಡಿದು ಆರನ್ನೂ ಜೋಡಿಸಿದರೆ ಒಂದು ಓವರ್ ಆಯಿತು. ಬಟನ್ ಒತ್ತುವ ಕೆಲಸಕ್ಕೆ ನನ್ನನ್ನು ಒಳಗೆ ಬಿಟ್ಟಳು. ಬೌಲರ್ ಹೊರಟ ಕೂಡಲೇ ಒತ್ತಬೇಕು, ಬಾಲು ನಿಂತ ಮೇಲೆ ಮತ್ತೆ ಒತ್ತಬೇಕು. ತೂಬು ತೆಗೆ, ತೂಬು ಮುಚ್ಚು. ಇಡೀ ಪ್ರಕರಣದಲ್ಲಿ ನನಗೆ ಅರ್ಥವಾದದ್ದು ಇದೊಂದೇ. ನಾನು ಪಕ್ಕದಲ್ಲಿದ್ದಷ್ಟು ಹೊತ್ತೂ ಅವಳು ತುಟಿ ಬಿಗಿದುಕೊಂಡೇ ಆಡಿದಳು. ಬೆಟ್ಟಸ್ವಾಮಿ ಹೂವಿಲ್ಲದೆ ಜೋಡಿಸಿ ಕೊಟ್ಟ, ಅವನ ಕೈ ಹಿಡಿದು ಬೇಡಿಕೊಳ್ಳಬೇಕಾಯಿತು. ನಿನ್ನ ಹೆಸರು ಕಲ್ಲಿನಲ್ಲಿ ಕೊರೆದ ಹಾಗೆ ಕಾಣುತ್ತದೆ. ಕೆಂಪು ರಟ್ಟಿನ ಕವರಿನಲ್ಲಿರುವುದು ಅದೇ.

ಇಲ್ಲಿಗೆ ಕಾಗದ ಮುಗಿಯಬೇಕಿತ್ತು. ಆದರೆ ಜಾಗ ಖಾಲಿ ಮಾಡಲು ಹಳೆಯದನ್ನೆಲ್ಲ ಅಳಿಸಿ ಎಂದು ನಂಜೇಶ ಹೇಳಿಹೋಗಿದ್ದ. ಮೊದಲಲ್ಲಿ ಮಂಜಿನ ಸಾಫ್ಟ್‌ವೇರನ್ನು ಪರೀಕ್ಷೆಗೆ ಚಾಲೂ ಮಾಡಿಟ್ಟು ಹೋಗಿದ್ದೆವು, ಅರ್ಪಿತ ಒಬ್ಬಳೇ ಆಡಿದ್ದಳು. ಆಮೇಲೆ ಸ್ಪೀಕರ್ ಕೂಡ ಹಾಕದೆ ಚಿತ್ರ ನೋಡಿ, ಛೀ ಎಂದು ಮುಖ ತಿರುಗಿಸಿದ್ದಳು. ಅಳಿಸುವ ಮೊದಲು ಅದೇ ಹೌದೋ ಅಲ್ಲವೋ ಎಂದು ಒಮ್ಮೆ ತೆಗೆದೆ. ಒಂದು ಹುಡುಗಿ ಮಾತಾಡುತ್ತಿದ್ದಾಳೆ. ಆಟದೊಳಗಿನ ಹುಡುಗಿ ಎಂದುಕೊಂಡೆ. ಆಟದವರು ಇಂಗ್ಲಿಷಿನಲ್ಲಲ್ಲವೇ ಮಾತಾಡುವುದು, ಇದು ಕನ್ನಡ. ‘ಅಮೃತೇಶ್ ಅವರು ಈಗ ಬ್ಯಾಟ್ ಮಾಡೋಕೆ ಬರ್ತಾ ಇದಾರೆ, ಹುಲ್ಲಹಳ್ಳಿಯ ಎಡಗೈ ಆಟಗಾರ. ಇವರಿಗೆ ಎರಡು ತಿಂಗಳು ರಜ ಸಿಕ್ಕಿದೆ, ಆತುರ ಏನಿಲ್ಲ, ನಿಧಾನವಾಗಿ ಆಡ್ತಾರೆ. ಬೀಸಿದ್ರು! ಚೆಂಡು ನಾಲೆ ದಾಟಿ ರಾಚಯ್ಯನವರ ಗದ್ದೆಗೆ ಬಿತ್ತು. ರಾಚಯ್ಯನವರು ಕೊಡಲ್ಲ ಅಂತಿದಾರೆ.’ ನನ್ನ ಹೆಸರನ್ನೂ ಬಿಟ್ಟಿಲ್ಲ. ಎಲ್ಲೂ ತಡೆಯಿಲ್ಲ ಅಮೃತೇಶ. ನಾನು ರೇಡಿಯೋದಲ್ಲಿ ವೀಕ್ಷಕ ವಿವರಣೆ ಕೇಳುವಾಗ ಇವಳು ಪಕ್ಕದಲ್ಲಿ ಬಟಾಣಿ ಮೇಯುತ್ತಾ ಕೂತಿರುತ್ತಿದ್ದಳು, ಅದೇ ಧಾಟಿ. ಇದು ನಮ್ಮ ಅರ್ಪಿತ ಎಂದು ತಿಳಿಯಲು ನನಗೆ, ಅವಳ ತಾತನಿಗೆ, ಅಷ್ಟು ಹೊತ್ತು ಹಿಡಿಯಿತಲ್ಲ. ಕೂತಲ್ಲೇ ಅತ್ತುಬಿಟ್ಟೆ.

ಧ್ವನಿ ಹೇಗೆ ಬಂತು? ಮೈಕಿನ ವಯರನ್ನು ನಂಜೇಶ ಕಿತ್ತಿಟ್ಟಿದ್ದ. ವಿಚಾರಿಸಿದರೆ ನಿನ್ನ ಅವ್ವ ಸೋಮವಾರ ಕಂಪ್ಯೂಟರ್ ಒರೆಸಿ ವಿಭೂತಿ ಹಚ್ಚುವಾಗ, ಬಿದ್ದಿದ್ದ ವಯರನ್ನು ತಾನೇ ಸಿಕ್ಕಿಸಿದ್ದಾಳೆ. ‘ಗುಲಾಬಿ ಬಣ್ಣದ್ದು ಗುಲಾಬಿ ಬಣ್ಣದ್ ತೂತಿಗೆ ತಾನೆ ಓಗೋದು? ಸೀರೆಗೆ ಕುಪ್ಸ ಒಂದಿಸಲ್ವಾ? ಇದ್ಕೂ ಓದಿರ್ಬೇಕಾ?’ ಎಂದು ನನ್ನನ್ನೇ ಕೇಳಿದಳು. ಸರಿ. ಆದರೆ ಕನ್ನಡಿಯಂಥ ಸಾಫ್ಟ್‌ವೇರು ಆಟದ ಸದ್ದನ್ನಷ್ಟೇ ಹಿಡಿಯುತ್ತದಂತೆ, ಆಡುವವರ ಮಾತು ಅದಕ್ಕೆ ಬೇಡವಂತೆ. ಚಿತ್ರ ಹಿಡಿಯಲಾರದ್ದು ಮಾತು ಹಿಡಿಯಿತು. ಹಾಗಾದರೆ ಒಳ್ಳೆಯ ಸಾಫ್ಟ್‌ವೇರ್ ಯಾವುದು? ನಂಜೇಶನನ್ನು ಕೇಳಿದರೆ ಇನ್ನೂ ಒಂದು ಹೊಸದನ್ನು ಹೇಳುತ್ತಾನೆ.

ಇವತ್ತಿಗೆ ನಾಲ್ಕು ದಿನದ ಹಿಂದೆ ಆ ಕಂಪ್ಯೂಟರ್ ಡಬ್ಬವನ್ನು ಪಂಚೆಯಲ್ಲಿ ಕಟ್ಟಿಕೊಂಡು ನಂಜನಗೂಡಿಗೆ ಹೋದೆ. ವಿಭೂತಿ, ಸೇವಂತಿಗೆ ಹೂವು ಕಂಡು ಬಸ್ಸಿನ ಕಂಡಕ್ಟರ್ ‘ಯಜಮಾನ್ರೇ, ಇದು ಲಗೇಜಾ ದೇವ್ರಾ?’ ಅಂದ. ನೋಡಬೇಡ, ಕೇಳಬೇಡ, ಬರೀ ಕಾಪಿ ಮಾಡು ಎಂದು ನಂಜೇಶನ ಅಂಗಡಿಯಲ್ಲಿ ಮಂಜಿನದಕ್ಕೂ ಒಂದು ಸಿ.ಡಿ. ಮಾಡಿಸಿದೆ. ಅದನ್ನು ಹುರಿಹಿಟ್ಟಿನ ಡಬ್ಬದ ಅಡಿಯಲ್ಲಿ ಬಚ್ಚಿಟ್ಟು ಕಳಿಸುತ್ತಿದ್ದೇನೆ. ಅರ್ಪಿತಳಿಗೆ ಗೊತ್ತಿಲ್ಲ. ಅವಳು ಬಾಗಿಲು ಹಾಕಿಕೊಂಡು ಆಡಿದ ಮಾತನ್ನು ಅವಳನ್ನು ಕೇಳದೆ ಕಳಿಸುವುದು ಸರಿಯೋ ತಪ್ಪೋ ನನಗೆ ಬಗೆಹರಿದಿಲ್ಲ. ಕೇಳಿದರೆ ಬೇಡ ಅಂದುಬಿಡುತ್ತಾಳೆ, ಕೇಳದಿದ್ದರೆ ನಾನು ಕಳ್ಳನಾಗುತ್ತೇನೆ. ನೀನು ಕೇಳಿದೆ ಎಂದು ಅವಳಿಗೆ ಹೇಳಬೇಡ. ಅವಳಿಗೆ ನಿನ್ನ ಮೇಲೆ ಕೋಪವಿಲ್ಲ ಎಂದು ನಿನಗೆ ತಿಳಿದರೆ ನನಗೆ ಅಷ್ಟೇ ಸಾಕು.

ಹುರಿಹಿಟ್ಟು ನಿನ್ನ ಅವ್ವ ಮಾಡಿದ್ದು, ಚಕ್ಕುಲಿ ಚೈತ್ರ ಮಾಡಿದ್ದು, ಗೆಳೆಯರಿಗೂ ಕೊಡು. ಎಣ್ಣೆ ಹಚ್ಚು. ನಂಜುಂಡೇಶ್ವರ ನಿನ್ನ ಕಾವಲಿಗೂ ಕಾವಲಾಗಿರಲಿ.

ಇಂತಿ ನಿನ್ನ ಅಪ್ಪ,
ರಾಚಯ್ಯ

ತಾ.ಕ.: ಈಗ ಪಾರ್ಸಲ್ ಹೊಲಿಯಲು ಕೂತು ನೋಡಿದೆ. ಹುರಿಹಿಟ್ಟಿನ ಅಡಿಯಲ್ಲಿ ಇಟ್ಟಿದ್ದ ಸಿ.ಡಿ. ಅಲ್ಲಿಲ್ಲ. ಎಲ್ಲದರ ಮೇಲೆ ಇದೆ. ಅದರ ಮೇಲೆ ಅರ್ಪಿತಳ ಅಕ್ಷರದಲ್ಲಿ ‘ಅಪ್ಪ, ಮೊದಲು ಇದು’ ಎಂದು ಬರೆದಿದೆ. ನಾನು ರಾತ್ರಿ ಊಟಕ್ಕೆ ಎದ್ದಾಗ ಈ ಕಾಗದ ಮೇಜಿನ ಮೇಲೆಯೇ ಇತ್ತು, ಓದಿದಳೋ ಏನೋ. ಅದನ್ನು ಹಾಗೆಯೇ ಮೇಲಿಟ್ಟು ಹೊಲಿಯುತ್ತಿದ್ದೇನೆ. ಬರುವ ಭಾನುವಾರ ಫೋನ್ ಮಾಡಿದಾಗ ಅವಳನ್ನು ಕರಿ. ಸದ್ದು ಬರಲಿಲ್ಲ ಎಂದು ಹಲೋ ಹಲೋ ಅನ್ನಬೇಡ, ಇಟ್ಟುಬಿಡಬೇಡ. ಲೈನ್ ಹೋಗಿರುವುದಿಲ್ಲ ಕಣೋ, ಅವಳು ಅಲ್ಲೇ ಇರುತ್ತಾಳೆ.