ರಾಣಿಯ ಬೆನ್ನು

ನನ್ನ ಕತ್ತರಿ ಮಾಸ್ತರರಿಗೆ,

ನೀವು ಹೋಗಿ ಒಂಬತ್ತು ವರ್ಷವಾಯಿತು. ಇಷ್ಟು ದಿನ ಒಂದು ಸಾಲೂ ಬರೆಯದವಳು ಇವತ್ತು ಹಾಳೆ ಹಿಡಿದು ಕೂತಿದ್ದಾಳೆ ಅಂದರೆ ಹೊಟ್ಟೆ ಎಷ್ಟು ಉರಿದಿರಬೇಕು, ನೀವೇ ಲೆಕ್ಕ ಹಾಕಿ. ನಿನ್ನೆ ನಿಮ್ಮ ಸಿನಿಮಾ ನೋಡಿ ಬಂದೆ. ನಿಮ್ಮದು ಅಂತ ನಾನೊಬ್ಬಳೇ ಹೇಳಬೇಕು. ಪರದೆಯ ಮೇಲೆ ಕುದುರೆ ಹಿಡಿದವನ ಹೆಸರೂ ಇದೆ, ರಾಣಿಗೆ ನಿಲುವಂಗಿ ಹೊಲಿದವರದು ಇಲ್ಲ.

ಐವತ್ತು ವರ್ಷ ತುಂಬಿತೆಂದು ಚಿತ್ರವನ್ನು ತಿಕ್ಕಿ ತೊಳೆದು ಹೊಸದು ಮಾಡಿದ್ದಾರೆ. ಮಗಳು ಟಿಕೆಟ್ ತಂದಳು. ಸಿನಿಮಾ ಮುಗಿದು ದೀಪ ಹತ್ತಿದ ಮೇಲೆ ಪ್ರೇಕ್ಷಕರ ಅಭಿಪ್ರಾಯ ಅಂತ ಮೈಕು ಹಿಡಿದು ಸಾಲುಸಾಲಾಗಿ ಕೇಳುತ್ತ ಬಂದರು. ಅಬ್ಬಾ, ಎತ್ತು ಈಯಿತು ಅಂದರೆ ಕೊಟ್ಟಿಗೆಗೆ ಕಟ್ಟು ಅನ್ನುವ ಜನ ಅಷ್ಟೊಂದು ಒಂದೇ ಕಡೆ ಸೇರಿದ್ದನ್ನು ನಾನು ನೋಡಿರಲಿಲ್ಲ.

ಎಲ್ಲರ ಬಾಯಲ್ಲೂ ಆ ಕೊನೆಯ ದೃಶ್ಯವೇ. ಮೂಲ ಕಾದಂಬರಿಯಲ್ಲಿ ಸೋತ ರಾಣಿ ಸಿಂಹಾಸನಕ್ಕೆ ಬೆನ್ನು ತಿರುಗಿಸಿ ಹೊರಟುಬಿಡುತ್ತಾಳೆ. ಸಿನಿಮಾದಲ್ಲಿ ಸಿಂಹಾಸನವನ್ನೇ ನೋಡುತ್ತ, ಹನ್ನೊಂದು ಹೆಜ್ಜೆ ಹಿಂದಕ್ಕೆ ಇಟ್ಟು ಬಾಗಿಲು ದಾಟುತ್ತಾಳೆ. ಒಬ್ಬ ಪ್ರೊಫೆಸರು ಎದ್ದು, ಇಲ್ಲಿ ಇತಿಹಾಸವೇ ಹಿಂದಕ್ಕೆ ನಡೆಯುತ್ತಿದೆ ಅಂದರು. ಗಡ್ಡದ ವಿಮರ್ಶಕನೊಬ್ಬ, ಹನ್ನೊಂದು ಹೆಜ್ಜೆ ಅಂದರೆ ಅವಳು ಆಳಿದ ಹನ್ನೊಂದು ವರ್ಷ ಅಂತ ಅರ್ಥ ಬಿಡಿಸಿದ. ಆ ಸೆಟ್ಟಿನಲ್ಲಿ ಬಾಗಿಲಾಚೆ ಹನ್ನೆರಡನೇ ಹೆಜ್ಜೆಗೆ ಕಂಬ ಅಡ್ಡ ಬರುತ್ತಿತ್ತು, ಅಷ್ಟೇ! ಕಾದಂಬರಿ ಓದಿದ್ದೇನೆ ಅಂತ ಹೇಳಿಕೊಳ್ಳುವುದಕ್ಕೇ ಬಂದಿದ್ದ ಇನ್ನೊಬ್ಬ, ಇದು ಮೂಲಕ್ಕೆ ಬಗೆದ ದ್ರೋಹ ಅಂದ. ಅವನ ಪೂಜ್ಯ ಕಾದಂಬರಿಕಾರರೂ ಮೊದಲು ಹಾಗೇ ಕಿರುಚಾಡಿ, ಪ್ರಶಸ್ತಿ ಬಂದ ಮೇಲೆ ಅದು ತಮ್ಮದೇ ಸಲಹೆ ಅಂದಿದ್ದರಲ್ಲ, ನೆನಪಿದೆಯಾ? ಆ ಮಾತು ಅಚ್ಚಾದ ಪತ್ರಿಕೆಯನ್ನು ನೀವು ಗುಂಡಿ ಡಬ್ಬಿಯ ಅಡಿಗೆ ಹಾಸಿದ್ದಿರಿ.

ನಿಜ ಏನೆಂದು ನಮಗೆ ಗೊತ್ತು. ನಿಲುವಂಗಿಯ ಬೆನ್ನಿನ ಮೇಲೆ ಕಸೂತಿಯೇ ಇರಲಿಲ್ಲ. ಎದೆಯ ಮೇಲೆ ಬಳ್ಳಿ, ಹೂ, ಹಕ್ಕಿ ಜರಿಯಲ್ಲಿ ಹೊಳೆಯುತ್ತಿದ್ದರೆ ಬೆನ್ನಿನ ಮೇಲೆ ನೀವು ಬಳಪದಲ್ಲಿ ಬರೆದ ಗೆರೆ ಮಾತ್ರ ಇತ್ತು. ಮಗಳಿಗೆ ಜ್ವರ ನೆತ್ತಿಗೇರಿ ಆಸ್ಪತ್ರೆಯಲ್ಲಿದ್ದ ನಾಲ್ಕು ದಿನ ನೀವು ಅವಳ ಮಂಚ ಬಿಟ್ಟು ಅಲುಗಲಿಲ್ಲ. ಐದನೇ ದಿನ ಆ ನಿರ್ದೇಶಕ ಮಹಾಶಯ ನಿಲುವಂಗಿಯನ್ನು ನಿಮ್ಮ ಮುಖಕ್ಕೆ ಎಸೆದು, "ನಿನ್ನಿಂದ ನನ್ನ ಸಿನಿಮಾ ಹಾಳಾಯ್ತು" ಅಂದ. ರಾಣಿ ಬೆನ್ನು ತೋರಿಸುವ ಹಾಗಿರಲಿಲ್ಲ, ಅದಕ್ಕೇ ಹಿಂದಕ್ಕೆ ನಡೆದಳು. ದೃಶ್ಯ ಮುಗಿದ ಸಂಜೆಯೇ ನಿಮ್ಮನ್ನೂ ನಿಲುವಂಗಿಯನ್ನೂ ಒಟ್ಟಿಗೆ ಹೊರಗೆ ಹಾಕಿದರು. ಸಾಯುವವರೆಗೂ ನೀವು, ಒಂದು ಒಳ್ಳೆ ಚಿತ್ರ ಕೆಡಿಸಿದೆ ಅಂತಲೇ ಕೊರಗಿದಿರಿ.

ನಿನ್ನೆ ಮೈಕು ನನ್ನ ಸಾಲಿಗೂ ಬಂತು. ಕಿತ್ತುಕೊಂಡೆ. ನಿಮ್ಮ ಕಸುಬು ಹೇಳಿದೆ, ಬರಿ ಬೆನ್ನಿನ ಕತೆಯನ್ನೂ ಹೇಳಿದೆ. ಆ ದೃಶ್ಯಕ್ಕೆ ಕಾರಣರಾದವರ ಹೆಸರನ್ನು ಈಗಲಾದರೂ ಪರದೆಗೆ ಹಾಕಿ ಅಂತ ಕೇಳಿದೆ. ಜನ ನಕ್ಕರು. ಗಡ್ಡದವನು ಮಗುವಿಗೆ ಹೇಳುವ ದನಿಯಲ್ಲಿ, "ಅಜ್ಜಿ, ಅಷ್ಟು ದೊಡ್ಡ ನಿರ್ದೇಶಕರು ಒಂದು ಬಟ್ಟೆಗೋಸ್ಕರ ಕತೆ ಬದಲಾಯಿಸ್ತಾರಾ?" ಅಂದ. ಪ್ರೊಫೆಸರು ನನ್ನ ಭಾವನೆಯನ್ನು ಗೌರವಿಸುತ್ತಾರಂತೆ. ಗೌರವವಂತೆ, ಮಣ್ಣಂತೆ! ಬಟ್ಟೆ ಉಟ್ಟುಕೊಂಡೇ ಬಂದಿದ್ದರಲ್ಲ ಎಲ್ಲರೂ! ನಿಲುವಂಗಿ ನನ್ನ ಚೀಲದಲ್ಲೇ ಇತ್ತು, ಹೊರಗೆ ತೆಗೆಯಲಿಲ್ಲ. ಅವರಿಗೆ ತೋರಿಸುವಷ್ಟು ಅಗ್ಗವಾಗಿರಲಿಲ್ಲ ಅದು. ಅವರಿಗೆ ಬೆನ್ನು ಹಾಕಿ, ಮುಂದಕ್ಕೇ ನಡೆದು ಮನೆಗೆ ಬಂದೆ.

ಇಷ್ಟೆಲ್ಲ ಜನರನ್ನು ಬೈದಾಯಿತು. ಇನ್ನೊಬ್ಬಳನ್ನು ಬೈಯುವುದು ಬಾಕಿ ಇದೆ.

ನೀವು ಯಾವಾಗಲೂ ಬೆನ್ನಿನಿಂದ ಕಸೂತಿ ಶುರು ಮಾಡುತ್ತಿದ್ದಿರಿ. ಬೆನ್ನಿನ ಮೇಲೆ ಕೈ ಪಳಗಿದರೆ ಎದೆಯ ಮೇಲೆ ತಪ್ಪು ಬೀಳುವುದಿಲ್ಲ ಅನ್ನುತ್ತಿದ್ದಿರಿ. ಆ ಸಲ ನಾನೇ ಅಡ್ಡ ಬಾಯಿ ಹಾಕಿದೆ. "ಮೊದಲು ಎದೆ ಮುಗಿಸ್ರೀ, ಬೆನ್ನನ್ನ ಯಾರು ನೋಡ್ತಾರೆ?" ಅಂದೆ. ನೀವು ಬಟ್ಟೆ ತಿರುಗಿಸಿ ಹಾಸಿದಿರಿ. ನಿಮ್ಮ ಪದ್ಧತಿಯಂತೆಯೇ ನಡೆದಿದ್ದರೆ ಎದೆ ಬರಿದಾಗಿ ಉಳಿಯುತ್ತಿತ್ತು. ಮುಂಭಾಗದಲ್ಲಿ ಕಸೂತಿಯಿಲ್ಲದೆ ದೃಶ್ಯ ತೆಗೆಯುವ ಹಾಗೇ ಇರಲಿಲ್ಲ, ಚಿತ್ರೀಕರಣ ನಾಲ್ಕು ದಿನ ಮುಂದೆ ಹೋಗುತ್ತಿತ್ತು, ನಿಮ್ಮ ಹೆಸರು ಉಳಿಯುತ್ತಿತ್ತು. ಆ ನಿರ್ದೇಶಕ ಕಾರಣ ಕೇಳಿದಾಗ ನೀವು "ತಪ್ಪು ನಂದೇ" ಅಂದಿರಂತೆ. ಮನೆಗೆ ಬಂದ ಮೇಲೂ ನನಗೆ ಒಂದು ಮಾತು ಅನ್ನಲಿಲ್ಲ. ನಲವತ್ತೊಂದು ವರ್ಷ ನಿಮ್ಮ ಪಕ್ಕದಲ್ಲೇ ಕೂತು ಗುಂಡಿ ಹಚ್ಚಿದೆ, ತಪ್ಪು ನನ್ನದು ಅನ್ನುವ ಎರಡು ಪದ ಹೊರಡಲಿಲ್ಲ. ನಿನ್ನೆ ಮೈಕು ಕೈಯಲ್ಲಿದ್ದಾಗಲೂ ಅದೊಂದನ್ನು ನುಂಗಿಕೊಂಡೆ. ಅಲ್ಲಿದ್ದ ಬಡಾಯಿಗಾರರಿಗಿಂತ ನಾನೇ ಕಡೆ.

ಬೆಳಗ್ಗೆ ನಿಲುವಂಗಿಯನ್ನು ಕಿಟಕಿಯ ಬೆಳಕಿಗೆ ಹಾಸಿದೆ, ಬೆನ್ನು ಮೇಲೆ ಮಾಡಿ. ನಿಮ್ಮ ಬಳಪದ ಗೆರೆ ಮಾಸಿದ್ದರೂ ಪೂರ್ತಿ ಅಳಿಸಿಲ್ಲ. ಸೂಜಿಗೆ ದಾರ ಪೋಣಿಸಲು ನಾಲ್ಕು ಸಲ ಬೇಕಾಯಿತು. ಒಂದು ಎಲೆ ಮುಗಿಸಿದ್ದೇನೆ. ಸೊಟ್ಟಗಿದೆ, ಬೈಯಬೇಡಿ. ಇನ್ನೂ ಎಪ್ಪತ್ತೆರಡು ಎಲೆ ಇವೆ, ಎರಡು ಹಕ್ಕಿ ಬೇರೆ.

ಬೆನ್ನನ್ನ ಯಾರು ನೋಡ್ತಾರೆ ಅಂದಿದ್ದೆನಲ್ಲ. ನಾನು ನೋಡ್ತಾ ಇದೀನಿ.

ನೀವಿರುವಲ್ಲಿ ದಾರ ಗಂಟಾಗದಿರಲಿ, ಹೊಲಿಗೆಯ ಮೇಲೆ ಕೈಯ ನೆರಳು ಬಾರದ ಹಾಗೆ ಬೆಳಕು ಎಡಗಡೆಯಿಂದಲೇ ಬೀಳಲಿ.

ಇಂತಿ,
ತಪ್ಪು ಮಾಡಿದ ನಿಮ್ಮ ಬಾಯಿಬಡುಕಿ