ಆರು ಪದಗಳ ಪಾಠಕ್ಕೆ ನೂರೈವತ್ತು ಪದಗಳ ಪುರಾವೆ

ವಿಶ್ವವಿದ್ಯಾಲಯದ ವರ್ಗಾವಣೆ ಕ್ರೆಡಿಟ್ ಪರಿಶೀಲನಾಧಿಕಾರಿಗಳಾದ ಮಾನ್ಯರೇ,

ನನಗೆ ಚೆಂಡುರುಳಿಸಿ ಗೂಟ ಬೀಳಿಸುವ ಬೌಲಿಂಗ್ ಆಟ ಬರುತ್ತದೆಂದು ನೀವು ಲಿಖಿತವಾಗಿ ಒಪ್ಪಿಕೊಂಡಿದ್ದೀರಿ. ಬರೆಯಲು ಬರುತ್ತದೆಂದು ಮಾತ್ರ ಒಪ್ಪುತ್ತಿಲ್ಲ. ನಾನು ಸೇರಹೊರಟಿರುವುದು ಜಾಹೀರಾತು ಸೃಜನೆಯ ಪದವಿಗೆ ಎಂಬುದನ್ನು ನಿಮ್ಮ ಗಮನಕ್ಕೆ ತರುತ್ತಾ, ಈ ದೂರನ್ನು ಊರಿಗೆಲ್ಲ ಕೇಳುವ ಹಾಗೆ ಬರೆಯುತ್ತಿದ್ದೇನೆ.

ನಮ್ಮೂರು ಮೊಡೆಸ್ಟೊದ ಎರಡು ವರ್ಷದ ಕಮ್ಯುನಿಟಿ ಕಾಲೇಜಿನಲ್ಲಿ ಇಪ್ಪತ್ತೊಂದು ವಿಷಯ ಓದಿ, ಮೂರನೇ ವರ್ಷಕ್ಕೆ ನಿಮ್ಮಲ್ಲಿಗೆ ಬರುತ್ತಿರುವವಳು ನಾನು. ಬೌಲಿಂಗ್ ಸೇರಿ ಇಪ್ಪತ್ತನ್ನು ತಕರಾರಿಲ್ಲದೆ ನಿಮ್ಮ ಪದವಿಯ ಲೆಕ್ಕಕ್ಕೆ ಜಮಾ ಮಾಡಿಕೊಂಡಿರಿ. ಬಿಟ್ಟದ್ದು ಒಂದೇ ಒಂದು, 'ಜಾಹೀರಾತು ಬರವಣಿಗೆ'. ಆ ಪದವಿಗೆ ಕಡ್ಡಾಯವಾಗಿ ಬೇಕಾದದ್ದೂ ಅದೊಂದೇ. ಆಗಸ್ಟ್ ಎಂಟರೊಳಗೆ ಅದು ಜಮಾ ಆಗದಿದ್ದರೆ ನನ್ನ ಸೀಟು ಸಾಲಿನಲ್ಲಿರುವ ಮುಂದಿನವರಿಗೆ ಹೋಗುತ್ತದೆ. ಆಮೇಲೆ ಇನ್ನೊಂದು ವರ್ಷ ಕಾಯಬೇಕು.

ಕಾಯುವುದರಲ್ಲೇನು ಕಷ್ಟ ಎನ್ನಬಹುದು ನೀವು, ಫ್ಯಾನಿನ ಕೆಳಗೆ ಕೂತವರು. ನನ್ನ ಕೆಲಸ ಹಾಸಿಗೆ ಅಂಗಡಿಯೊಂದರ ಮುಂದಿನ ಸರ್ಕಲ್ಲಿನಲ್ಲಿ ನಿಂತು, ಬಾಣದಾಕಾರದ ದೊಡ್ಡ ಹಲಗೆಯನ್ನು ಗಿರಗಿರ ತಿರುಗಿಸುತ್ತಾ ಕಾರಿನವರನ್ನು ಒಳಗೆ ಕರೆಯುವುದು. ಐದು ವರ್ಷದಿಂದ ತಿರುಗಿಸುತ್ತಿದ್ದೇನೆ. ನಮ್ಮೂರಿರುವ ಈ ಕಣಿವೆಯ ಬೇಸಿಗೆಯಲ್ಲಿ ಡಾಂಬರು ಚಪ್ಪಲಿಗೆ ಅಂಟಿಕೊಂಡು ಬರುತ್ತದೆ. ಇನ್ನೊಂದು ಬೇಸಿಗೆ ತಿರುಗಿಸಿದರೆ ಬಲಭುಜದ ಆಸೆ ಬಿಡಿ ಎಂದು ಡಾಕ್ಟರು ಹೇಳಿದ್ದಾರೆ.

ಓದಿನ ಹುಚ್ಚು ಹತ್ತಿದ್ದೂ ಅದೇ ಸರ್ಕಲ್ಲಿನಲ್ಲಿ. ಹಲಗೆಯ ಮೇಲೆ ಒಂಬತ್ತು ಪದ ಇತ್ತು, ಒಬ್ಬ ಪುಣ್ಯಾತ್ಮನೂ ಓದುತ್ತಿರಲಿಲ್ಲ. ಒಂದು ದಿನ ತಲೆಕೆಟ್ಟು ಅದರ ಮೇಲೆ ಟೇಪು ಅಂಟಿಸಿ 'ನಿದ್ದೆ ಬಂತಾ?' ಅಂತ ಬರೆದೆ. ಅಷ್ಟೇ ನೋಡಿ, ಜನ ಆಕಳಿಸುತ್ತಾ ಕಾರು ತಿರುಗಿಸಿದರು. ಅಂಗಡಿಯವರು ಬೈದರು, ಟೇಪು ಮಾತ್ರ ತೆಗೆಯಲಿಲ್ಲ. ಆ ವಾರವೇ ಹೋಗಿ ಕಾಲೇಜಿಗೆ ಹೆಸರು ಹಚ್ಚಿದೆ, ಮೂವತ್ತಾರನೇ ವಯಸ್ಸಿನಲ್ಲಿ.

ಅಲ್ಲಿ ಜಾಹೀರಾತು ಬರವಣಿಗೆ ಕಲಿಸುವವರು ವೆರ್ನಾ ಹಾಲೋವೇ ಮೇಡಂ. ವಯಸ್ಸು ಎಪ್ಪತ್ತೊಂದು. ನಲವತ್ತು ವರ್ಷ ರೇಡಿಯೋದಲ್ಲಿ ಟ್ರ್ಯಾಕ್ಟರ್ ಅಂಗಡಿಗಳಿಗೆ ಜಾಹೀರಾತು ಬರೆದ ಕೈ. ಅವರ ತರಗತಿಯಲ್ಲಿ ಯಾರಾದರೂ ಒಂದು ಪದ ಹೆಚ್ಚಿಗೆ ಬರೆದರೆ, ಎದ್ದು ಕಿಟಕಿಯ ಹತ್ತಿರ ಹೋಗಿ ಆ ಪದವನ್ನು ಹೊರಗೆ ಕೂಗಿ ಎಸೆದು ಬರಬೇಕು. ಕೆಳಗೆ ವೆಲ್ಡಿಂಗ್ ಕಲಿಯುವವರು ದಿನವಿಡೀ "ಅತ್ಯದ್ಭುತ!", "ವಿಶ್ವದರ್ಜೆಯ!", "ಸಮಗ್ರ!" ಎಂದು ಕೇಳಿಸಿಕೊಂಡು ಕೆಲಸ ಮಾಡುತ್ತಿದ್ದರು. ತಮ್ಮನ್ನೇ ಹೊಗಳುತ್ತಿದ್ದಾರೆಂದು ಅವರು ಬಹಳ ದಿನ ನಂಬಿದ್ದರು ಪಾಪ.

ಕಾಲೇಜಿನ ಕೈಪಿಡಿಗೆ ಪಾಠದ ವಿವರಣೆ ಬರೆದುಕೊಡಿ ಎಂದು ಕೇಳಿದಾಗ ಇಂಥ ಹೆಂಗಸು ಏನು ಬರೆದಾರು? ಹೀಗೆ ಬರೆದರು: 'ಕಡಿಮೆ ಬರೆಯಿರಿ. ನಿಜ ಬರೆಯಿರಿ. ಮಾರಿ ತೋರಿಸಿ.' ಆರು ಪದ. ಇದಕ್ಕೇ ನೀವು ನನ್ನನ್ನು ಬಾಗಿಲಲ್ಲಿ ನಿಲ್ಲಿಸಿದ್ದು. ನಿಮ್ಮ ನಿಯಮದ ಪ್ರಕಾರ ವಿವರಣೆ ನೂರೈವತ್ತು ಪದಕ್ಕೆ ಕಡಿಮೆ ಇದ್ದರೆ ಆ ಪಾಠ ನಡೆದೇ ಇಲ್ಲವೆಂದು ಲೆಕ್ಕ. ಬೌಲಿಂಗಿನ ವಿವರಣೆ ನಾನೂರ ಹನ್ನೆರಡು ಪದ ಇತ್ತು. ಬಾಡಿಗೆ ಬೂಟಿನ ಲೇಸು, ಬೆವರೊರೆಸುವ ಟವೆಲ್ಲು, ಸರದಿ ಕಾಯುವಾಗಿನ ಸೌಜನ್ಯ, ಒಂದನ್ನೂ ಬಿಟ್ಟಿರಲಿಲ್ಲ. ನಾನು ಉರುಳಿಸಿದ ಚೆಂಡು ವರ್ಷವಿಡೀ ಪಕ್ಕದಲ್ಲಿ ಆಡುತ್ತಿದ್ದವರ ಅಂಕಣಕ್ಕೆ ಹೋಗುತ್ತಿತ್ತು. ಆದರೂ ನೀವು ಅದನ್ನು 'ಸೃಜನಶೀಲ ಚಟುವಟಿಕೆ' ಎಂದು ಜಮಾ ಮಾಡಿಕೊಂಡಿರಿ. ಪಕ್ಕದವರನ್ನು ಕೇಳಿದ್ದರೆ ಅವರೂ ಹೌದೆನ್ನುತ್ತಿದ್ದರು.

ಮೇ ತಿಂಗಳಲ್ಲಿ ನಿಮ್ಮ ಕಚೇರಿಗೆ ನಾನೇ ಬಂದಿದ್ದೆ, ನೆನಪಿರಬಹುದು. ನನ್ನ ಕಡತ ನೋಡಿ ನೀವು ನಕ್ಕಿರಿ.

"ಏನಮ್ಮಾ, ಆರೇ ಪದ? ನಿಮ್ಮ ಮೇಡಂಗೆ ಕೈನೋವಾ?"

"ಇಲ್ಲ ಸಾರ್, ಅದೇ ಅವರ ಪಾಠ. ಬೇಕಿದ್ರೆ ನಿಮ್ಮ ಬೆನ್ನ ಹಿಂದೆ ಗೋಡೆ ಮೇಲಿರೋ ಪೋಸ್ಟರ್ ನೋಡಿ."

ನೀವು ಕುರ್ಚಿ ತಿರುಗಿಸಿ ನೋಡಿದಿರಿ. ಒಂದು ಕೈ ಹಳೇ ಪಾತ್ರೆಯಿಂದ ಹೊಸ ಪಾತ್ರೆಗೆ ಬಿಸಿಬಿಸಿ ಪೊಸೋಲೆ ಸಾರು ಸುರಿಯುತ್ತಿದೆ, ಒಂದು ಹನಿಯೂ ಚೆಲ್ಲಿಲ್ಲ. ಕೆಳಗೆ, 'ಬನ್ನಿ. ಕಲಿತದ್ದು ಯಾವುದೂ ಇಲ್ಲಿ ಪೋಲಾಗದು.'

"ಚೆನ್ನಾಗಿದೆ. ನಮ್ಮ ಹುಡುಗರೇ ಯಾರೋ ಮಾಡಿರ್ತಾರೆ."

"ನಾನು ಮಾಡಿದ್ದು ಸಾರ್. ಕಮ್ಯುನಿಟಿ ಕಾಲೇಜುಗಳಿಗೆ ನೀವೇ ಸ್ಪರ್ಧೆ ಇಟ್ಟಿದ್ರಲ್ಲ, ಅದರಲ್ಲಿ ಗೆದ್ದಿದ್ದು. ಇದೇ ತರಗತಿಯಲ್ಲಿ ಮಾಡಿದ್ದು."

ನೀವು ಪೋಸ್ಟರನ್ನು ನೋಡಿದಿರಿ, ನನ್ನನ್ನು ನೋಡಿದಿರಿ, ಕೊನೆಗೆ ಕಡತವನ್ನು ನೋಡಿದಿರಿ. "ಹಾಗಾದ್ರೆ ಅದರದ್ದೂ ಒಂದು ವಿವರಣೆ ತಂದುಬಿಡಿ," ಅಂದಿರಿ.

ಮೇಲ್ಮನವಿ ಹಾಕಿದೆ. ಆ ಅರ್ಜಿಯ ತಲೆಯ ಮೇಲೆ ಏನಿತ್ತು ಗೊತ್ತೇ? 'ಅಹವಾಲು ಐವತ್ತು ಪದ ಮೀರಬಾರದು.' ನನಗೆ ಹತ್ತೊಂಬತ್ತು ಸಾಕಾಯಿತು, ಅದು ನಾನು ಕಲಿತ ವಿದ್ಯೆ. ಆಗದು ಎನ್ನಲು ನಿಮಗೆ ನಾಲ್ಕು ಪುಟ ಬೇಕಾಯಿತು. ನಮ್ಮಿಬ್ಬರಲ್ಲಿ ಬರವಣಿಗೆಯ ತರಗತಿಗೆ ಮತ್ತೆ ಹೋಗಬೇಕಾದವರು ಯಾರು ಮಾನ್ಯರೇ?

ಪೋಸ್ಟರಿನಲ್ಲಿರುವ ಕೈ ನನ್ನ ಚಿಕ್ಕಮ್ಮ ಗ್ರಾಸಿಯೆಲಾಳದು. ನಾಲ್ಕು ಪುಟ ಓದಿ ಹೇಳಿದಾಗ ಆಕೆ ಸೌಟು ಹಿಡಿದುಕೊಂಡೇ ಕೇಳಿದಳು: "ಅಲ್ವೇ ಇಮೆಲ್ಡಾ, ನನ್ನ ಕೈ ಬೇಕು, ನೀನು ಬೇಡ್ವಂತಾ? ಆ ಸಾರು ಸುರಿಯೋಕೆ ಹತ್ತು ಸಲ ಕೈ ಸುಟ್ಕೊಂಡಿದೀನಿ. ಹೋಗ್ಲಿ, ಬೌಲಿಂಗಲ್ಲೇ ಪದವಿ ಕೊಡ್ತಾರೇನೋ ಕೇಳು!" ನನಗೆ ನಗು ಬಂತು. ಆಮೇಲೆ ಅಳುವೂ ಬಂತು.

ಇನ್ನು ದಾರಿ ಒಂದೇ ಉಳಿದಿತ್ತು, ವಿವರಣೆ ಹಿಗ್ಗಿಸಿಕೊಡಿ ಎಂದು ಮೇಡಮ್ಮನ್ನೇ ಕೇಳುವುದು. ಕೇಳಿದೆ. "ನಲವತ್ತು ವರ್ಷ ಕಿತ್ತು ಹಾಕಿದ್ದನ್ನ ಈಗ ನಾನೇ ನೆಡಬೇಕಾ? ಸತ್ತರೂ ಆಗಲ್ಲ, ಹೋಗೇ," ಅಂದುಬಿಟ್ಟರು. ಅವರ ಮೇಲೆ ನನಗೆ ಸಿಟ್ಟು ಬರಲಿಲ್ಲ. ಅವರು ಒಪ್ಪಿದ್ದರೆ ಬೇಜಾರಾಗುತ್ತಿತ್ತೇನೋ.

ಕಳೆದ ಮಂಗಳವಾರ ನಡುಮಧ್ಯಾಹ್ನ ಅವರ ಹಳೇ ಕಾರು ನಮ್ಮ ಸರ್ಕಲ್ಲಿನಲ್ಲಿ ಕೆಂಪು ದೀಪಕ್ಕೆ ನಿಂತಿತು. ಬಲಗೈ ಏಳುತ್ತಿರಲಿಲ್ಲ, ಎಡಗೈಯಲ್ಲಿ ಹಲಗೆ ತಿರುಗಿಸುತ್ತಿದ್ದೆ, ಎರಡು ಸಲ ಬೀಳಿಸಿದೆ. ದೀಪ ಹಸಿರಾದರೂ ಅವರು ಹೊರಡಲಿಲ್ಲ. ಹಿಂದಿನವರೆಲ್ಲ ಹಾರ್ನ್ ಹೊಡೆದದ್ದೇ ಹೊಡೆದದ್ದು.

ಮರುದಿನ ಬಂದು ಕಿಟಕಿಯಿಂದಲೇ ಲಕೋಟೆ ಚಾಚಿದರು. "ನೂರೈವತ್ತು ಇದೆ. ಓದಬೇಡ, ಆಣೆ. ಕೊಟ್ಟು ಬಾ," ಅಂದರು. ನನ್ನ ಮುಖ ನೋಡಲಿಲ್ಲ, ಕಾರು ಓಡಿಸಿಕೊಂಡು ಹೋದರು.

ಆಣೆ ಮುರಿದು ಓದಿದೆ. ಮೊದಲಿಗೆ ಆ ಆರು ಪದ. ಆಮೇಲೆ 'ಅತ್ಯದ್ಭುತ', 'ವಿಶ್ವದರ್ಜೆಯ', 'ಸಮಗ್ರ', 'ಬಹುಮುಖಿ'. ವರ್ಷವಿಡೀ ನಾವು ಕಿಟಕಿಯಿಂದಾಚೆ ಎಸೆದ ಪದಗಳನ್ನೆಲ್ಲ ಆ ಮುದುಕಿ ಒಂದೊಂದಾಗಿ ಹೆಕ್ಕಿ ತಂದಿದ್ದರು, ನೂರ ನಲವತ್ತನಾಲ್ಕು. ಅವರು ಹುಟ್ಟಿದಾಗಿನಿಂದ ಬರೆದ ಕೆಟ್ಟ ಬರಹ ಇದೊಂದೇ, ಅದೂ ನನ್ನ ಭುಜಕ್ಕಾಗಿ. ಹಲಗೆಯನ್ನು ನೆಲಕ್ಕೂರಿ ನಿಲ್ಲಿಸಿ ಅದರ ಮರೆಯಲ್ಲಿ ಕೂತು ಅತ್ತೆ.

ಆ ಹಾಳೆಯನ್ನು ಇದರೊಂದಿಗೆ ಲಗತ್ತಿಸಿದ್ದೇನೆ. ದಯವಿಟ್ಟು ಎಣಿಸಿ, ಓದಬೇಡಿ. ಎಣಿಸಿಯಾದ ಮೇಲೆ ಹಿಂದಿರುಗಿಸಿ, ಅದು ಇನ್ನೊಬ್ಬರ ಕಣ್ಣಿಗೆ ಬೀಳುವುದು ನನಗಿಷ್ಟವಿಲ್ಲ. ಆಗಸ್ಟ್ ಎಂಟರೊಳಗೆ ನನ್ನ ಪಾಠವನ್ನು ಜಮಾ ಮಾಡಿಕೊಳ್ಳಿ. ಆಗದೆಂದಾದರೆ ನಾಲ್ಕು ಪುಟದ ಪತ್ರ ಬೇಡ, ನಿಮ್ಮ ಬೆನ್ನ ಹಿಂದಿನ ಪೋಸ್ಟರ್ ಇಳಿಸಿ ನನಗೆ ಕಳಿಸಿಬಿಡಿ. ನಿಜ ಬರೆಯಿರಿ ಎಂದು ನನಗೆ ಕಲಿಸಿದ್ದಾರೆ. ಸುಳ್ಳಾದ ಮೇಲೆ ಅದು ಗೋಡೆಯ ಮೇಲೆ ಇರಕೂಡದು.

ಇಂತಿ,
ಸದ್ಯಕ್ಕೆ ಎಡಗೈಯವಳಾದ,
ಬೌಲಿಂಗಿನಲ್ಲಿ ಮಾತ್ರ ತಮ್ಮ ಮಾನ್ಯತೆ ಪಡೆದ,
ಇಮೆಲ್ಡಾ ಬರಾಗಾನ್
ಹಾಸಿಗೆ ಅಂಗಡಿ ಸರ್ಕಲ್, ಮೊಡೆಸ್ಟೊ